ಪಾಂಟೂನ್ ದೋಣಿಯಿಂದ ಗಾಳ ಹಾಕುವವರಿಗೆ ಎಂಥ ಫಿನ್ ಸೂಕ್ತ?

ಹೊಸಗಾಳ (ಬಾಥೆಲ್, ವಾಷಿಂಗ್ಟನ್)

ಎಲ್ಲರಿಗೂ ನಮಸ್ಕಾರ. ಪರಿಚಿತರೊಬ್ಬರಿಂದ ಎಂಟು ಅಡಿ ಉದ್ದದ, ಒಬ್ಬರು ಕೂರುವ ಪಾಂಟೂನ್ ದೋಣಿಯನ್ನು ಕೊಂಡಿದ್ದೇನೆ. ಗಾಳಿ ತುಂಬಿದ ಎರಡು ಕೊಳವೆಗಳು, ಅವನ್ನು ಬೆಸೆಯುವ ಉಕ್ಕಿನ ಚೌಕಟ್ಟು, ಕುರ್ಚಿ, ಒಂದು ಜೊತೆ ಹುಟ್ಟು, ಎಲ್ಲವೂ ಸುಸ್ಥಿತಿಯಲ್ಲಿವೆ. ನೀರನ್ನು ತಳ್ಳಲು ಕಾಲಿಗೆ ತೊಡುವ, ಬಾತುಕೋಳಿಯ ಪಾದದಂತೆ ಅಗಲ ಅಲಗಿರುವ ಫಿನ್‌ಗಳು ಮಾತ್ರ ಅದರೊಂದಿಗೆ ಬಂದಿಲ್ಲ. ಡಿಸೆಪ್ಷನ್ ಪಾಸ್ ಉದ್ಯಾನದೊಳಗಿನ ಪಾಸ್ ಲೇಕ್‌ನಲ್ಲಿ ಟ್ರೌಟ್ ಹಿಡಿಯಬೇಕೆಂಬುದು ನನ್ನ ಆಸೆ. ಅಲ್ಲಿ ಹುಳುವನ್ನು ಹೋಲುವ ಹಗುರ ಕೃತಕ ಗಾಳಕ್ಕೆ, ಅಂದರೆ ಫ್ಲೈ ಗಾಳಕ್ಕೆ ಮಾತ್ರ ಅನುಮತಿಯಿದೆ, ಮೋಟಾರು ನಿಷಿದ್ಧ. ಎರಡೂ ಕೈಗಳು ಗಾಳದ ಕೋಲು ಮತ್ತು ದಾರದಲ್ಲೇ ತೊಡಗಿರುವುದರಿಂದ ದೋಣಿಯನ್ನು ಕಾಲಿನಿಂದಲೇ ನಡೆಸಬೇಕಾಗುತ್ತದೆ.

ಅಂಗಡಿಗಳಲ್ಲಿ ನೋಡಿದರೆ ಬೆಲೆಯಲ್ಲಿ ಅಜಗಜಾಂತರವಿದೆ. ಬೂಟಿನ ಮೇಲೆ ಪಟ್ಟಿ ಬಿಗಿಯುವ ಅಗ್ಗದ ಪ್ಲಾಸ್ಟಿಕ್ ಫಿನ್‌ಗಳೂ ಇವೆ, ಆಳಸಮುದ್ರಕ್ಕೆ ಇಳಿಯುವವರು ಬಳಸುವ ದುಬಾರಿ ಫಿನ್‌ಗಳೂ ಇವೆ. ಸ್ನಾರ್ಕೆಲಿಂಗ್‌ಗೆಂದು ಕೊಂಡ ಉದ್ದನೆಯ ಜೊತೆಯೊಂದು ಮನೆಯಲ್ಲೇ ಇದೆ. ಅದೇ ಸಾಕೇ, ಬೇರೆಯದನ್ನು ಕೊಳ್ಳಬೇಕೇ? ಬಲಮಂಡಿಯಲ್ಲಿ ಆಗಾಗ ಸ್ವಲ್ಪ ನೋವು ಬರುತ್ತದೆ ಎಂಬುದನ್ನೂ ಗಮನಕ್ಕೆ ತರುತ್ತೇನೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಬಯಲುಕೆರೆ (ಮೋಸೆಸ್ ಲೇಕ್, ವಾಷಿಂಗ್ಟನ್)

ನಮಸ್ಕಾರ ಹೊಸಗಾಳ ಅವರೇ. ಫಿನ್‌ನ ಹೆಸರು, ಬೆಲೆಗಳನ್ನು ಆಮೇಲೆ ನೋಡೋಣ. ಈ ದೋಣಿಯಲ್ಲಿ ಫಿನ್ ಮಾಡಬೇಕಾದ ಕೆಲಸ ಯಾವುದು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡರೆ ಅರ್ಧ ಗೊಂದಲ ತಾನಾಗಿಯೇ ಕಳೆಯುತ್ತದೆ. ನಿಮ್ಮ ದೋಣಿಗೆ ಹುಟ್ಟುಗಳಿವೆ. ಕೆರೆಯ ಈ ದಡದಿಂದ ಆ ದಡಕ್ಕೆ ಸಾಗುವ ಕೆಲಸ ಅವುಗಳದು. ಮೀನಿರುವ ಜಾಗಕ್ಕೆ ತಲುಪಿದ ಬಳಿಕ ಅಲ್ಲಿಯೇ ನಿಲ್ಲಲು, ದೋಣಿಯ ಮುಖವನ್ನು ಬೇಕಾದ ಕಡೆಗೆ ತಿರುಗಿಸಲು, ಜೊಂಡಿನ ಅಂಚಿಗುಂಟ ನಿಧಾನವಾಗಿ ಗಾಳವನ್ನು ಎಳೆದುಕೊಂಡು ಹೋಗಲು ಫಿನ್ ಬೇಕು. ಆದ್ದರಿಂದ ವೇಗದ ಆಸೆಯನ್ನು ಬಿಟ್ಟು, ಹಿಡಿತ ಕೊಡುವ ಫಿನ್ ಯಾವುದೆಂದು ಹುಡುಕಿ.

ವೇಗದ ಲೆಕ್ಕವನ್ನು ಒಮ್ಮೆ ನೋಡಿದರೆ ನನ್ನ ಮಾತು ಮನವರಿಕೆಯಾದೀತು. ದೋಣಿಯ ವೇಗವನ್ನು ಎರಡು ಪಟ್ಟು ಮಾಡಬೇಕಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ, ಕಾಲುಗಳು ಒದಗಿಸಬೇಕಾದ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಯಾವ ಕಂಪನಿಯ ಫಿನ್ ತೊಟ್ಟರೂ ಈ ಲೆಕ್ಕದಿಂದ ಪಾರಾಗಲು ಆಗದು. ಗಾಳಿಯ ಸ್ವಭಾವವೂ ಅಂಥದ್ದೇ: ಅದರ ವೇಗ ಇಮ್ಮಡಿಯಾದರೆ ದೋಣಿಯ ಮೇಲೆ ಬೀಳುವ ಒತ್ತಡ ನಾಲ್ಮಡಿಯಾಗುತ್ತದೆ. ಪಾಂಟೂನ್ ದೋಣಿಯಲ್ಲಿ ನಾವು ನೀರಿನಿಂದ ಎತ್ತರದಲ್ಲಿ ಕೂರುತ್ತೇವೆ; ಸೊಂಟದವರೆಗೆ ನೀರಿನಲ್ಲಿ ಇಳಿದು ಕೂರುವ ಫ್ಲೋಟ್ ಟ್ಯೂಬ್‌ಗಿಂತ ಗಾಳಿ ನಮಗೆ ಹೆಚ್ಚು ಬಡಿಯುತ್ತದೆ.

ಈ ಎತ್ತರದಿಂದ ಇನ್ನೊಂದು ಪರಿಣಾಮವೂ ಇದೆ. ಫ್ಲೋಟ್ ಟ್ಯೂಬ್‌ನಲ್ಲಿ ತೊಡೆಯಿಂದ ಕೆಳಗಿನ ಇಡೀ ಕಾಲು ನೀರಿನಲ್ಲಿರುತ್ತದೆ. ಪಾಂಟೂನ್‌ನಲ್ಲಾದರೋ ಮಂಡಿಯ ಕೆಳಗಿನ ಭಾಗ ಮಾತ್ರ, ಕೆಲವು ದೋಣಿಗಳಲ್ಲಿ ಮೀನಖಂಡದ ಅರ್ಧದಿಂದ ಕೆಳಗಷ್ಟೇ, ನೀರಿನಲ್ಲಿ ಮುಳುಗಿರುತ್ತದೆ. ಹೀಗಾಗಿ ಒದೆತವೆಲ್ಲ ಮಂಡಿಯಿಂದಲೇ ಬರಬೇಕು. ಕುರ್ಚಿಯಲ್ಲಿ ಕುಳಿತು ಮಂಡಿಯನ್ನು ನೀಡಿದಾಗ ಪಾದದ ಮೇಲ್ಭಾಗ ನೀರನ್ನು ಮುಂದಕ್ಕೆ ತಳ್ಳುತ್ತದೆ, ದೋಣಿ ಬೆನ್ನಿನ ದಿಕ್ಕಿಗೆ ಸರಿಯುತ್ತದೆ. ಆದ್ದರಿಂದ ಮಂಡಿ ನೀಡುವಾಗ ಬಿಗಿಯಾಗಿ ನಿಂತು, ಕಾಲನ್ನು ಹಿಂದಕ್ಕೆ ತರುವಾಗ ಬಾಗಿ ನೀರನ್ನು ಬಿಟ್ಟುಕೊಡುವ ಅಲಗು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಸೈಕಲ್ ತುಳಿಯುವಂತೆ ಕಾಲಾಡಿಸಿದರೆ ದಣಿವಾಗುತ್ತದೆ, ದೋಣಿ ಮಾತ್ರ ಅಷ್ಟಾಗಿ ಕದಲುವುದಿಲ್ಲ.

ಹಾಗಾಗಿ ಫಿನ್ ಕೊಳ್ಳುವ ಮುನ್ನ ಕುರ್ಚಿಯನ್ನು ಸರಿಪಡಿಸಿಕೊಳ್ಳಿ. ಹಲವು ದೋಣಿಗಳಲ್ಲಿ ಅದನ್ನು ಹಿಂದೆ ಮುಂದೆ ಸರಿಸಬಹುದು, ಕೆಲವದರಲ್ಲಿ ತಗ್ಗಿಸಲೂಬಹುದು. ಕಾಲು ಎಷ್ಟು ಆಳಕ್ಕೆ ಇಳಿಯುತ್ತದೆ, ಪಾದ ಚಾಚಿದಾಗ ಮುಂದಿನ ಕಾಲೂರುವ ಸರಳಿಗೂ ಬೆರಳ ತುದಿಗೂ ಎಷ್ಟು ಅಂತರ ಉಳಿಯುತ್ತದೆ ಎಂಬುದನ್ನು ದೋಣಿಯಲ್ಲಿ ಕುಳಿತೇ ಅಳೆಯಬೇಕು. ಆ ಅಂತರ ಕಡಿಮೆಯಿದ್ದರೆ ನಿಮ್ಮ ಸ್ನಾರ್ಕೆಲಿಂಗ್ ಫಿನ್ ಪ್ರತಿ ಒದೆತಕ್ಕೂ ಸರಳಿಗೆ ತಾಗುತ್ತದೆ. ಹುಟ್ಟು ಹಾಕುವಾಗ ಕಾಲನ್ನು ಆ ಸರಳಿನ ಮೇಲೆ ಇಡಲೇಬೇಕಲ್ಲ, ಆಗಲೂ ಉದ್ದನೆಯ ಅಲಗು ತೊಡಕೇ.

ಎರಡನೆಯದಾಗಿ ಬೂಟು. ಸ್ನಾರ್ಕೆಲಿಂಗ್ ಫಿನ್‌ಗಳಲ್ಲಿ ಹೆಚ್ಚಿನವು ಬರಿಗಾಲಿಗೆ ಹೊಂದುವಂತೆ ಮಾಡಿದವು. ನೀವು ವೇಡರ್ (ನೀರು ಒಳಬಾರದ ಉದ್ದನೆಯ ಕಾಲುಡುಪು) ತೊಟ್ಟು, ಅದರ ನಿಯೋಪ್ರೀನ್ ಎಂಬ ದಪ್ಪ ರಬ್ಬರಿನ ಕಾಲುಚೀಲದ ಮೇಲೆ ಬೂಟು ಹಾಕುತ್ತೀರಿ. ಅಷ್ಟು ದಪ್ಪಗಾದ ಪಾದ ಅದರೊಳಗೆ ತೂರುವುದೇ ಇಲ್ಲ. ಹಿಮ್ಮಡಿ ತೆರೆದಿದ್ದು ಪಟ್ಟಿಯಿಂದ ಬಿಗಿಯುವ ಮಾದರಿಯೇ ಬೇಕು. ಫಿನ್ ಕೊಳ್ಳಲು ಹೋಗುವಾಗ ವೇಡರನ್ನೂ ಬೂಟನ್ನೂ ಒಯ್ದು, ಅಂಗಡಿಯಲ್ಲೇ ತೊಟ್ಟು ನೋಡಿ. ಡಬ್ಬಿಯ ಮೇಲಿನ ಪಾದದ ಅಳತೆಯನ್ನು ನಂಬಿ ಅಂಚೆಯಲ್ಲಿ ತರಿಸುವುದಕ್ಕೆ ನಾನು ಯಾರಿಗೂ ಸಲಹೆ ಕೊಡುವುದಿಲ್ಲ.

ಮುಳುಗುಗಾರ (ಸ್ಯಾನ್ ಡಿಯಾಗೊ)

ಬಯಲುಕೆರೆ ಅವರ ಬಹುತೇಕ ಮಾತುಗಳನ್ನು ಒಪ್ಪುತ್ತೇನೆ. ನಾನು ಸ್ಕೂಬಾ ಹಿನ್ನೆಲೆಯವನು, ರಜೆಯಲ್ಲಿ ಸಿಯೆರಾ ಬೆಟ್ಟಸಾಲಿನ ಕೆರೆಗಳಲ್ಲಿ ಪಾಂಟೂನ್ ಬಳಸುತ್ತೇನೆ.

ಮೂರು ಬಗೆಯವನ್ನು ಹೋಲಿಸಿ ಹೇಳಬಲ್ಲೆ. ಸ್ಕೂಬಾಪ್ರೊ ಕಂಪನಿಯ ಜೆಟ್ ಫಿನ್ 1960ರ ದಶಕದಿಂದ ಬಳಕೆಯಲ್ಲಿರುವ ರಬ್ಬರಿನ ಫಿನ್. ಅಗಲವಾಗಿದೆ, ಗಿಡ್ಡವಾಗಿದೆ, ಅಲಗಿನ ಬುಡದಲ್ಲಿ ನೀರು ಹರಿದುಹೋಗಲು ಕಂಡಿಗಳಿವೆ, ದೊಡ್ಡ ಅಳತೆಯದರಲ್ಲಿ ದಪ್ಪ ಬೂಟೂ ಕೂರುತ್ತದೆ. ಕಾಲು ಕಸುವಾಗಿದ್ದರೆ ಇದರ ಎಳೆತ ಅಮೋಘ. ಆದರೆ ಇದು ಭಾರವಾದದ್ದು, ನೀರಿನಲ್ಲಿ ಮುಳುಗುತ್ತದೆ. ಎರಡನೆಯದು ಫೋರ್ಸ್ ಫಿನ್. ಬಾಬ್ ಇವಾನ್ಸ್ ಅವರು ರೂಪಿಸಿದ, ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾದಿಂದ ಬರುವ, ಪಾಲಿಯುರೆಥೇನ್‌ನಲ್ಲಿ ಎರಕಹೊಯ್ದ ಈ ಫಿನ್‌ನ ಅಲಗು ಮೀನಿನ ಬಾಲದಂತೆ ಕವಲೊಡೆದು ಮೇಲಕ್ಕೆ ಬಾಗಿರುತ್ತದೆ. ಮಂಡಿ ನೀಡಿದಾಗ ಗಟ್ಟಿಯಾಗಿ ನಿಂತು, ಹಿಂದಕ್ಕೆ ತರುವಾಗ ಸುಲಭವಾಗಿ ಮಣಿಯುತ್ತದೆ. ಬಯಲುಕೆರೆ ಅವರು ವಿವರಿಸಿದ ಗುಣ ಅದೇ. ಫ್ಲೋಟ್ ಟ್ಯೂಬ್ ಮತ್ತು ಪಾಂಟೂನ್ ಬಳಸುವವರಲ್ಲಿ ಇದಕ್ಕೆ ನಿಷ್ಠಾವಂತ ಬಳಗವೇ ಇದೆ, ಆದರೆ ಬೆಲೆ ಹೆಚ್ಚು. ಮೂರನೆಯದು ಅಲಗು ಉದ್ದಕ್ಕೆ ಸೀಳಿರುವ ಸ್ಪ್ಲಿಟ್ ಫಿನ್. ಚಿಕ್ಕ ಚಿಕ್ಕ ಬೀಸುಗಳಿಗೆ ಇದು ಹಗುರ, ಕಾಲು ದಣಿಯುವುದಿಲ್ಲ. ಒಂದೇ ಒದೆತಕ್ಕೆ ದೋಣಿ ತಿರುಗಬೇಕೆಂದರೆ ಮಾತ್ರ ಸೋಲುತ್ತದೆ, ನೀರುಕಳೆಯಿರುವ ಕೆರೆಯಲ್ಲಿ ಆ ಸೀಳಿನೊಳಗೆ ಎಳೆಗಳು ಸಿಕ್ಕಿಕೊಳ್ಳುತ್ತವೆ.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ನೀರಿನಲ್ಲಿರುವುದು ಮೊಳಕಾಲಿನ ಕೆಳಭಾಗ ಮಾತ್ರ ಎಂದಾದರೆ, ಆ ಕೊರತೆಯನ್ನು ಅಲಗಿನ ಉದ್ದವೇ ತುಂಬಿಕೊಡಬೇಕು. ತೀರಾ ಗಿಡ್ಡ ಫಿನ್ ನೀರಿನ ಮೇಲ್ಪದರವನ್ನಷ್ಟೇ ಕಲಕುತ್ತದೆ. ಕಾಲೂರುವ ಸರಳಿಗೆ ತಾಗದಂತಿದ್ದರೆ ಮಧ್ಯಮ ಉದ್ದದ ಅಲಗನ್ನೇ ಆರಿಸಿ.

ಮಂಡಿವೈದ್ಯೆ (ಪೋರ್ಟ್‌ಲ್ಯಾಂಡ್, ಆರೆಗಾನ್)

ನಾನು ವೃತ್ತಿಯಿಂದ ಫಿಸಿಯೋಥೆರಪಿಸ್ಟ್, ನನ್ನ ಯಜಮಾನರೊಂದಿಗೆ ಪಾಂಟೂನ್‌ನಲ್ಲಿ ಗಾಳ ಹಾಕುವ ಅಭ್ಯಾಸವೂ ಇದೆ. ಹೊಸಗಾಳ ಅವರು ಮಂಡಿನೋವಿನ ವಿಷಯ ಎತ್ತಿರುವುದರಿಂದ ಬರೆಯುತ್ತಿದ್ದೇನೆ.

ಕುಳಿತು, ಪಾದಕ್ಕೆ ಯಾವ ಆಸರೆಯೂ ಇಲ್ಲದೆ, ತಡೆಯ ವಿರುದ್ಧ ಮಂಡಿಯನ್ನು ನೀಡುವ ಚಲನೆಯಲ್ಲಿ ತೊಡೆಯ ಮುಂಭಾಗದ ಸ್ನಾಯು ಮಂಡಿಚಿಪ್ಪನ್ನು ಬಲವಾಗಿ ಎಳೆಯುತ್ತದೆ. ಜಿಮ್‌ನಲ್ಲಿ ಕುಳಿತು ಕಾಲಿನಿಂದ ಭಾರ ಎತ್ತುವ ಯಂತ್ರದಲ್ಲಿ ಆಗುವುದೂ ಇದೇ. ಮಂಡಿಚಿಪ್ಪಿನ ಸುತ್ತ ನೋವಿರುವವರು ಆ ಯಂತ್ರದಲ್ಲಿ ಎಚ್ಚರವಾಗಿರಬೇಕೆಂದು ನಾವು ಹೇಳುತ್ತೇವೆ. ಗಂಟೆಗಟ್ಟಲೆ ಫಿನ್ ಒದೆಯುವವರಿಗೂ ಆ ಮಾತು ಅನ್ವಯಿಸುತ್ತದೆ. ಮಂಡಿಯ ಮೇಲೆ ಬೀಳುವ ಹೊರೆ, ನೀರಿನ ತಡೆ ಮತ್ತು ಆ ತಡೆ ಮಂಡಿಯಿಂದ ಎಷ್ಟು ದೂರದಲ್ಲಿ ಬೀಳುತ್ತದೆ ಎಂಬುದರ ಗುಣಲಬ್ಧ. ಅಲಗು ಉದ್ದವಾದಷ್ಟೂ ಆ ದೂರ ಹೆಚ್ಚುತ್ತದೆ, ಅಷ್ಟೇ ತಳ್ಳುವಿಕೆಗೆ ಮಂಡಿ ಹೆಚ್ಚು ತೆರಬೇಕಾಗುತ್ತದೆ. ಮುಳುಗುಗಾರ ಸರ್ ಅವರ ಸಲಹೆ ಆರೋಗ್ಯವಂತ ಮಂಡಿಗೆ ಸರಿಯಿರಬಹುದು, ಹೊಸಗಾಳ ಅವರ ಬಲಗಾಲಿಗೆ ಸರಿಯಲ್ಲ. ಅವರಿಗೆ ಗಿಡ್ಡವಾದ, ಅಗಲವಾದ, ಮಧ್ಯಮ ಬಿಗುಪಿನ ಅಲಗು ಬೇಕು. ನೋವು ಮುಂದುವರಿದರೆ ಯಾವ ಫಿನ್ ಎಂದು ಯೋಚಿಸುವ ಮೊದಲು ವೈದ್ಯರಿಗೆ ತೋರಿಸಿಕೊಳ್ಳಬೇಕು.

ಇನ್ನು ಪಾದದ ಗಿಣ್ಣು. ಒದೆಯುವಾಗ ಪಾದ ಕೆಳಮುಖವಾಗಿ ಚಾಚಿಕೊಂಡು, ಅಲಗು ಮೊಳಕಾಲಿನ ನೇರಕ್ಕೆ ಬರಬೇಕು. ಗಿಣ್ಣಿನ ಮೇಲಿನವರೆಗೆ ಬಿಗಿಯಾಗಿ ಲೇಸು ಕಟ್ಟಿದ ಗಡುಸು ವೇಡಿಂಗ್ ಬೂಟು ಆ ಚಾಚುವಿಕೆಯನ್ನೇ ತಡೆದುಬಿಡುತ್ತದೆ. ಪಾದ ಅಡ್ಡವಾಗಿಯೇ ಉಳಿದರೆ ಅಲಗೂ ಅಡ್ಡವಾಗಿಯೇ ಉಳಿದು ನೀರನ್ನು ಸುಮ್ಮನೆ ಸೀಳುತ್ತದೆ. ‘ಫಿನ್ ಕೆಲಸ ಮಾಡುತ್ತಿಲ್ಲ’ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಬೂಟಿನ ಲೇಸನ್ನು. ದಡ ಮೆತ್ತಗಿದ್ದು ಹೆಚ್ಚು ನಡೆಯಬೇಕಾಗಿಲ್ಲದಿದ್ದರೆ ಡೈವಿಂಗ್ ಮಾಡುವವರು ಹಾಕುವ, ತೆಳು ಅಟ್ಟೆಯ ನಿಯೋಪ್ರೀನ್ ಬೂಟಿ ಒಳ್ಳೆಯದು. ಅದು ವೇಡರ್‌ನ ಕಾಲುಚೀಲದ ಮೇಲೆ ಕೂರುವಷ್ಟು ದೊಡ್ಡದಿರಬೇಕು. ಒಳಗೆ ಬಿಗಿಯಾದರೆ ರಕ್ತಸಂಚಾರ ತಗ್ಗಿ, ತಣ್ಣೀರಿನಲ್ಲಿ ಬೆರಳುಗಳು ಮರಗಟ್ಟುತ್ತವೆ.

ಮೀನಖಂಡ ಹಿಡಿದುಕೊಳ್ಳುವುದು ಇನ್ನೊಂದು ಸಾಮಾನ್ಯ ತೊಂದರೆ. ಪಟ್ಟಿ ಸಡಿಲವಾಗಿದ್ದರೆ ಫಿನ್ ಜಾರಬಾರದೆಂದು ನಾವು ಅರಿವಿಲ್ಲದೆಯೇ ಬೆರಳುಗಳನ್ನು ಮಡಚಿ ಹಿಡಿದಿರುತ್ತೇವೆ. ಆ ಬಿಗಿತವೇ ಪಾದದಿಂದ ಮೇಲೇರಿ ಸ್ನಾಯುಸೆಳೆತವಾಗುತ್ತದೆ. ಪಟ್ಟಿಯನ್ನು ಸರಿಯಾಗಿ ಬಿಗಿದರೆ ಬಹುಪಾಲು ನಿವಾರಣೆಯಾದೀತು.

ಮುಳುಗುಗಾರ (ಸ್ಯಾನ್ ಡಿಯಾಗೊ)

ಮೇಡಂ, ಮಂಡಿಯ ಹೊರೆಯ ವಿಚಾರದಲ್ಲಿ ನಿಮ್ಮ ಮಾತೇ ಅಂತಿಮ. ಆರೋಗ್ಯವಂತರಿಗೆ ಮಧ್ಯಮ ಉದ್ದವೇ ಸರಿ ಎಂಬ ನನ್ನ ಅಭಿಪ್ರಾಯ ಮಾತ್ರ ಹಾಗೆಯೇ ಇದೆ. ಕುರ್ಚಿ ಎತ್ತರವಿರುವ ನನ್ನ ದೋಣಿಯಲ್ಲಿ ಗಿಡ್ಡ ಫಿನ್‌ಗಳ ಅಲಗು ನೀರಿನ ಮಟ್ಟಕ್ಕೆ ತೀರಾ ಸಮೀಪದಲ್ಲೇ ಆಡುತ್ತದೆ. ಎರಡು ಬಗೆಯನ್ನೂ ತೊಟ್ಟು ನೋಡುವ ಅವಕಾಶವಿದ್ದವರು ನೋಡಿ ನಿರ್ಧರಿಸಲಿ.

ತುಂಗಾತೀರ (ಕ್ಯಾಮ್‌ಲೂಪ್ಸ್, ಬ್ರಿಟಿಷ್ ಕೊಲಂಬಿಯಾ)

ಇಲ್ಲಿನ ಕೆರೆಗಳಲ್ಲಿ ನಮ್ಮ ಮುಖ್ಯ ಬೇಟೆ ಕೈರಾನಮಿಡ್ ಫ್ಲೈಯಿಂದ ನಡೆಯುತ್ತದೆ. ಕೆಸರಿನಿಂದ ಮೇಲೇಳುವ ಸೊಳ್ಳೆಯಂಥ ಹುಳುವಿನ ಕೋಶವನ್ನು ಹೋಲುವ ಈ ಸಣ್ಣ ಗಾಳವನ್ನು ತಳದಿಂದ ಒಂದೆರಡು ಅಡಿ ಮೇಲೆ, ತೇಲುಬುರುಡೆಯ ಕೆಳಗೆ ಅಲುಗದಂತೆ ತೂಗಬಿಡಬೇಕು. ದೋಣಿ ಸರಿದರೆ ಗಾಳವೂ ಸರಿಯುತ್ತದೆ, ಟ್ರೌಟ್ ಅದನ್ನು ಮುಟ್ಟುವುದಿಲ್ಲ. ಹೀಗಾಗಿ ನಾವು ಲಂಗರು ಹಾಕುತ್ತೇವೆ, ಆದರೆ ಒಂದೇ ಲಂಗರಿದ್ದರೆ ದೋಣಿ ಅದರ ಸುತ್ತ ಗಾಳಿಗೆ ತೂಗಾಡುತ್ತಿರುತ್ತದೆ. ಆ ತೂಗಾಟವನ್ನು ನಿಲ್ಲಿಸುವುದು ಫಿನ್. ಬಲಗಾಲಿನ ಒಂದು ಮೆಲ್ಲನೆಯ ಬೀಸು, ಸ್ವಲ್ಪ ಹೊತ್ತಿನ ಮೇಲೆ ಎಡಗಾಲಿನ ಒಂದು ಬೀಸು, ಅಷ್ಟೇ. ಊರಿನಲ್ಲಿ ಹರಿಗೋಲು ನಡೆಸುವ ಅಂಬಿಗರು ಒಂದೇ ಹುಟ್ಟನ್ನು ಅತ್ತಿತ್ತ ಆಡಿಸಿ, ತಲೆ ಬಾಲವಿಲ್ಲದ ಆ ದುಂಡು ದೋಣಿಯನ್ನು ತಿರುಗದಂತೆ ಹಿಡಿಯುವುದನ್ನು ನೋಡಿದವರಿಗೆ ಈ ಕೆಲಸದ ಹದ ಬೇಗ ತಿಳಿಯುತ್ತದೆ. ಇಂಥ ಬಳಕೆಗೆ ಉದ್ದಕ್ಕಿಂತ ಅಗಲವೇ ಮುಖ್ಯ ಎಂದು ನಾನು ಭಾವಿಸುತ್ತೇನೆ.

ಯಾರೂ ಹೇಳದ ಒಂದು ವಿವರವನ್ನು ಸೇರಿಸುತ್ತೇನೆ. ಫಿನ್‌ನ ಪಟ್ಟಿಯನ್ನು ಬಿಗಿದ ಮೇಲೆ ಉಳಿಯುವ ಬಾಲ, ಹೊರಚಾಚಿದ ಬಕಲ್, ಇವು ಫ್ಲೈ ಗಾಳದ ದಾರಕ್ಕೆ ಪರಮ ವೈರಿಗಳು. ಎಳೆದುಕೊಂಡ ದಾರ, ಅದನ್ನು ಹಿಡಿದಿಡಲು ಮಡಿಲ ಮೇಲೆ ಹಾಸಿಕೊಳ್ಳುವ ಬಟ್ಟೆಯಿಂದ ಜಾರಿ ನೀರಿಗೆ ಬಿದ್ದರೆ, ಮುಳುಗುವ ದಾರವಾಗಿದ್ದಲ್ಲಿ ನೇರವಾಗಿ ಕಾಲಿನ ಕಡೆಗೇ ಇಳಿಯುತ್ತದೆ. ದೊಡ್ಡ ಮೀನು ಕಚ್ಚಿ ಓಡತೊಡಗಿದ ಕ್ಷಣದಲ್ಲಿ ದಾರ ಬಕಲ್‌ಗೆ ಸುತ್ತಿಕೊಂಡಿದ್ದರೆ ಮೀನೂ ಹೋಯಿತು, ಗಾಳವೂ ಹೋಯಿತು. ಪಟ್ಟಿಗೆ ಬದಲಾಗಿ ಉಕ್ಕಿನ ಸ್ಪ್ರಿಂಗ್ ಇರುವ ಹಿಮ್ಮಡಿಪಟ್ಟಿ ಸಿಗುತ್ತದೆ. ಅದಕ್ಕೆ ಬಾಲವೇ ಇರುವುದಿಲ್ಲ, ಬೆರಳು ತೂರಿಸಿ ಎಳೆಯಲು ಹಿಂದೊಂದು ಕುಣಿಕೆಯೂ ಇರುತ್ತದೆ. ಮಡಿಲ ಬಟ್ಟೆ, ಲೈಫ್ ಜಾಕೆಟ್ ಎಲ್ಲವನ್ನೂ ತೊಟ್ಟು ಕುಳಿತ ಮೇಲೆ ಬಗ್ಗಿ ಪಾದವನ್ನು ಮುಟ್ಟುವುದೇ ಕಷ್ಟ. ಒಂದು ಕಾಲನ್ನು ಇನ್ನೊಂದರ ತೊಡೆಯ ಮೇಲಿಟ್ಟು, ಆ ಕುಣಿಕೆಯನ್ನು ಹಿಮ್ಮಡಿಯ ಮೇಲಿಂದ ಎಳೆದುಬಿಟ್ಟರೆ ಆಯಿತು. ಪ್ಲಾಸ್ಟಿಕ್ ಬಕಲ್‌ನ ಫಿನ್‌ಗಳೇ ಇದ್ದಲ್ಲಿ, ಬಾಲವನ್ನು ಒಳಕ್ಕೆ ಮಡಚಿ ಟೇಪು ಸುತ್ತಿಕೊಳ್ಳಿ.

ಹೊಸಗಾಳ (ಬಾಥೆಲ್, ವಾಷಿಂಗ್ಟನ್)

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಕುರ್ಚಿಯನ್ನು ಒಂದು ತೂತು ಹಿಂದಕ್ಕೆ ಸರಿಸಿದ ಮೇಲೆ ಕಾಲೂರುವ ಸರಳಿನಿಂದ ನನಗೆ ಸಾಕಷ್ಟು ಅಂತರ ಸಿಕ್ಕಿತು. ಇನ್ನೆರಡು ಪ್ರಶ್ನೆಗಳಿವೆ. ಬೆವರ್ಲಿ ಬಳಿಯ ಲೆನಿಸ್ ಕೆರೆಗೆ ಹೋಗುವ ಇಚ್ಛೆಯಿದೆ, ಅಲ್ಲಿ ಕಾರು ನಿಲ್ಲಿಸುವ ಜಾಗದಿಂದ ನೀರಿನವರೆಗೆ ದೋಣಿಯನ್ನು ಸಾಗಿಸಬೇಕು. ನಡೆಯಲು ಅನುಕೂಲವಾಗುವಂತೆ ಅಲಗು ಮೇಲಕ್ಕೆ ಮಡಚುವ ಫಿನ್‌ಗಳಿವೆಯಂತೆ, ಅವು ಹೇಗೆ? ಹಾಗೆಯೇ ಯಾಕಿಮಾ ನದಿಯಲ್ಲಿ ತೇಲುವಾಗ ಇದೇ ಫಿನ್‌ಗಳನ್ನು ಬಳಸಬಹುದೇ?

ಕಣಿವೆಹೊಳೆ (ಎಲೆನ್ಸ್‌ಬರ್ಗ್, ವಾಷಿಂಗ್ಟನ್)

ನದಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಯಾಕಿಮಾ ಕಣಿವೆಯಲ್ಲಿ ಹುಟ್ಟುಗಳನ್ನೇ ನಂಬಿ. ಹರಿಯುವ ನೀರಿನಲ್ಲಿ ದೋಣಿ ಬಂಡೆಯತ್ತ ಸಾಗುತ್ತಿದ್ದರೆ ಅದನ್ನು ಹಿಂದಕ್ಕೆಳೆಯುವ ಶಕ್ತಿ ಕಾಲಿಗಿಲ್ಲ. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಆಳವಿಲ್ಲದ ಕಡೆ ಇಳಿಬಿದ್ದ ಫಿನ್ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡರೆ ಪಾದ ಅಲ್ಲೇ ಉಳಿದು, ದೇಹವನ್ನು ಪ್ರವಾಹ ಮುಂದಕ್ಕೆ ತಳ್ಳುತ್ತದೆ. ನದಿಯಲ್ಲಿ ಪ್ರಾಣಾಪಾಯ ಒಡ್ಡುವ ಸನ್ನಿವೇಶಗಳಲ್ಲಿ ಇದೂ ಒಂದು. ಫಿನ್‌ಗಳನ್ನು ಕಳಚಿ ಕುರ್ಚಿಯ ಹಿಂದೆ ಕಟ್ಟಿಡಿ, ಲೈಫ್ ಜಾಕೆಟ್ ತೊಟ್ಟೇ ಇರಿ.

ಬಯಲುಕೆರೆ (ಮೋಸೆಸ್ ಲೇಕ್, ವಾಷಿಂಗ್ಟನ್)

ಲೆನಿಸ್ ನನ್ನ ಮೆಚ್ಚಿನ ಕೆರೆ. ದಾರಿ ಮರಳುಮಯವಾದ್ದರಿಂದ ಗಾಲಿಯಿದ್ದರೆ ಒಳ್ಳೆಯದು. ನಡೆಯುವಾಗ ಫಿನ್‌ಗಳನ್ನು ದೋಣಿಯ ಮೇಲೆ ಹೇರುತ್ತೀರಿ, ಆದ್ದರಿಂದ ಮಡಚುವ ಫಿನ್‌ನ ಪ್ರಯೋಜನ ನೀರಿನಂಚಿನ ಕೆಲವೇ ಹೆಜ್ಜೆಗಳಿಗೆ ಸೀಮಿತ. ಆ ಅನುಕೂಲಕ್ಕಾಗಿ ಒಂದು ತಿರುಗಣೆ, ಒಂದು ಕೀಲು, ಅದರೊಳಗೆ ಸೇರುವ ಮರಳು, ಇಷ್ಟನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಫ್ಲೋಟ್ ಟ್ಯೂಬ್‌ನವರು ದಡದಲ್ಲೇ ಫಿನ್ ತೊಟ್ಟು ಹಿಮ್ಮುಖವಾಗಿ ನಡೆದು ನೀರಿಗಿಳಿಯಬೇಕಾದ್ದರಿಂದ ಅವರಿಗೆ ಅದು ಬೇಕಾಗಬಹುದು. ಪಾಂಟೂನ್‌ನಲ್ಲಿ ದೋಣಿಯನ್ನು ಗಿಣ್ಣುದ್ದ ನೀರಿಗೆ ಒಯ್ದು, ಕುಳಿತು, ಆಮೇಲೆ ಫಿನ್ ತೊಡಬಹುದು. ದಡಕ್ಕೆ ಮರಳುವಾಗಲೂ ನೀರಿನಲ್ಲೇ ಕಳಚಿ ನಂತರ ಎದ್ದು ನಿಲ್ಲಿ. ಫಿನ್ ತೊಟ್ಟು ಮುಂದಕ್ಕೆ ನಡೆಯಲು ಹೋದರೆ ಅಲಗಿನ ತುದಿ ಕೆಸರಿಗೆ ಹೂತು ಮುಗ್ಗರಿಸುವುದು ಖಚಿತ.

ಆ ಕೆರೆಯ ಗಾಳಿಯ ಬಗ್ಗೆ ಎಚ್ಚರವಿರಲಿ. ಪಶ್ಚಿಮಕ್ಕೆ ಕೊಲಂಬಿಯಾ ನದಿ ಸ್ಯಾಡಲ್ ಬೆಟ್ಟಗಳನ್ನು ಸೀಳಿಕೊಂಡು ಹರಿಯುವ ಸೆಂಟಿನೆಲ್ ಗ್ಯಾಪ್ ಇದೆ. ಆ ಕಿಂಡಿಯ ಆಸುಪಾಸಿನಲ್ಲೆಲ್ಲ ಗಾಳಿ ನುಗ್ಗಿ ಬರುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಬಿಳಿನೊರೆಯ ಅಲೆಯಾಗಬಹುದು. ಆಗ ಫಿನ್‌ನಿಂದ ಎದುರುಗಾಳಿಗೆ ಸಾಗುವ ಪ್ರಯತ್ನವನ್ನು ಮಾಡಲೇಬಾರದು. ಕಾಲನ್ನು ಸರಳಿನ ಮೇಲೆತ್ತಿ ಹುಟ್ಟು ಹಿಡಿಯಿರಿ. ನೀರಿನಲ್ಲಿ ಜೋತುಬಿದ್ದ ಫಿನ್ ಲಂಗರಿನಂತೆ ಎಳೆಯುತ್ತದೆ. ಗಿಡ್ಡ ಫಿನ್ ಎಂದು ನಾನು ಹಟ ಹಿಡಿಯುವುದಕ್ಕೆ ಇದೇ ಮುಖ್ಯ ಕಾರಣ, ಅದನ್ನು ಸರಳಿನ ಮೇಲಿಟ್ಟುಕೊಂಡು ನಿರಾಳವಾಗಿ ಹುಟ್ಟು ಹಾಕಬಹುದು.

ಫಿನ್‌ನಿಂದ ಪಾದದ ಗಿಣ್ಣಿಗೆ ಒಂದು ಚಿಕ್ಕ ಹಗ್ಗ ಅಥವಾ ಪಟ್ಟಿ ಕಟ್ಟಿಕೊಳ್ಳುವುದನ್ನು ಯಾರೂ ಬಿಡಬಾರದು. ಅಗ್ಗದ ಪ್ಲಾಸ್ಟಿಕ್ ಫಿನ್ ಸಾಮಾನ್ಯವಾಗಿ ತೇಲುತ್ತದೆ, ಆದರೂ ಗಾಳಿಗೆ ದೂರ ಸಾಗಿಬಿಡುತ್ತದೆ. ಭಾರದ ರಬ್ಬರ್ ಫಿನ್ ಕಳಚಿದರೆ ನೇರ ತಳಕ್ಕೆ. ಒಂದು ಫಿನ್ ಕಳೆದುಹೋದರೆ ಉಳಿದ ಒಂದರಿಂದ ದೋಣಿ ಗಿರಗಿರನೆ ತಿರುಗುತ್ತದೆಯೇ ಹೊರತು ಸಾಗುವುದಿಲ್ಲ. ಪಟ್ಟಿ ಕಡಿಯುವುದು ಅಪರೂಪವೂ ಅಲ್ಲ: ಬಿಸಿಲಿನಲ್ಲಿ ಬಿಟ್ಟ ರಬ್ಬರ್ ಪಟ್ಟಿ ರಂಧ್ರದ ಬಳಿ ಬಿರುಕು ಬಿಡುತ್ತದೆ. ಮಡಚಿ ನೋಡಿದರೆ ಆ ಬಿರುಕು ಕಣ್ಣಿಗೆ ಕಾಣುತ್ತದೆ. ಪ್ರತಿ ಋತುವಿನ ಮೊದಲು ಹೀಗೆ ಮಡಚಿ ನೋಡಿ, ಒಂದು ಬದಲಿ ಪಟ್ಟಿಯನ್ನು ಚೀಲದಲ್ಲಿಟ್ಟುಕೊಳ್ಳಿ.

ಹೊಸಗಾಳ (ಬಾಥೆಲ್, ವಾಷಿಂಗ್ಟನ್)

ವೇಡರ್, ಬೂಟು ಎರಡನ್ನೂ ಒಯ್ದು ಡೈವಿಂಗ್ ಅಂಗಡಿಯಲ್ಲಿ ತೊಟ್ಟು ನೋಡಿದೆ. ಬರಿಗಾಲಿಗೆ ಸರಿಹೊಂದುವ ಅಳತೆಗಿಂತ ಎರಡು ಅಳತೆ ದೊಡ್ಡದು ಬೇಕಾಯಿತು. ಗಿಡ್ಡ, ಅಗಲ, ಮಧ್ಯಮ ಬಿಗುಪಿನ, ಸ್ಪ್ರಿಂಗ್ ಪಟ್ಟಿಯ ಒಂದು ಜೊತೆಯನ್ನು ಕೊಂಡಿದ್ದೇನೆ. ಪಾಸ್ ಲೇಕ್‌ನಲ್ಲಿ ಜೊಂಡಿನ ಅಂಚಿಗುಂಟ ನಿಧಾನವಾಗಿ ಕಾಲಾಡಿಸುತ್ತ ಗಾಳ ಎಳೆದಾಗ ಮಂಡಿ ನೋಯಲಿಲ್ಲ. ಮಂಡಿವೈದ್ಯೆ ಮೇಡಂ ಹೇಳಿದಂತೆ ಬೂಟಿನ ಮೇಲಿನ ಎರಡು ಕೊಕ್ಕೆಗಳಿಗೆ ಲೇಸು ಹಾಕದೆ ಬಿಟ್ಟೆ, ವ್ಯತ್ಯಾಸ ಆ ಕೂಡಲೇ ತಿಳಿಯಿತು.

ಒಂದೇ ಒಂದು ಕೊನೆಯ ಪ್ರಶ್ನೆ: ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವಾಗ ಫಿನ್‌ಗಳನ್ನು ಬರೀ ನೀರಿನಲ್ಲಿ ತೊಳೆದರೆ ಸಾಕೇ?

ಕಣಿವೆಹೊಳೆ (ಎಲೆನ್ಸ್‌ಬರ್ಗ್, ವಾಷಿಂಗ್ಟನ್)

ಸಾಲದು. ಒಲಂಪಿಯಾದ ಕ್ಯಾಪಿಟಲ್ ಲೇಕ್‌ನಲ್ಲಿ 2009ರಲ್ಲಿ ನ್ಯೂಜಿಲೆಂಡ್ ಕೆಸರುಬಸವನಹುಳು ಪತ್ತೆಯಾದ ಮೇಲೆ ಆ ಕೆರೆಯನ್ನೇ ಜನರ ಬಳಕೆಗೆ ಮುಚ್ಚಬೇಕಾಯಿತು. ಕೆಲವೇ ಮಿಲಿಮೀಟರ್ ಉದ್ದದ ಈ ಹುಳು ಬಾಯಿಯನ್ನು ಮುಚ್ಚಳದಂತೆ ಮುಚ್ಚಿಕೊಂಡು, ತೇವವಿರುವ ಸಲಕರಣೆಯಲ್ಲಿ ದಿನಗಟ್ಟಲೆ ಬದುಕುತ್ತದೆ. ಒಂದೇ ಹೆಣ್ಣು ಗಂಡಿನ ನೆರವಿಲ್ಲದೆ ಸಂತತಿಯನ್ನು ಹೆಚ್ಚಿಸಬಲ್ಲದು, ಅಂದರೆ ಒಂದು ಹುಳು ದಾಟಿದರೂ ಇನ್ನೊಂದು ಕೆರೆ ಹಾಳಾಗಲು ಸಾಕು. ಫಿನ್‌ನಲ್ಲಿ ಪಾದ ತೂರಿಸುವ ಭಾಗದ ಮೂಲೆ, ಸ್ಪ್ರಿಂಗ್‌ನ ಸುರುಳಿಗಳು, ಅಲಗಿನ ಕಂಡಿಗಳು, ಇಲ್ಲೆಲ್ಲ ಕೆಸರು ಕೂರುತ್ತದೆ. ಕೆರೆಯ ದಡದಲ್ಲೇ ಗಡುಸು ಬ್ರಷ್‌ನಿಂದ ಉಜ್ಜಿ, ಕಳೆಯ ಎಳೆಗಳನ್ನು ಕಿತ್ತು, ಮನೆಗೆ ಬಂದ ಮೇಲೆ ಪಟ್ಟಿಯನ್ನು ಕಳಚಿ ಪೂರ್ತಿ ಒಣಗಿಸಿ. ಮರುದಿನವೇ ಬೇರೆ ಕೆರೆಗೆ ಹೋಗುವುದಿದ್ದರೆ ಫಿನ್ ಮತ್ತು ಬೂಟುಗಳನ್ನು ಒಂದು ಚೀಲದಲ್ಲಿ ಹಾಕಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಒಣಗಿಸುವಾಗ ನೇರ ಬಿಸಿಲು ಬೇಡ, ಪಟ್ಟಿಯ ರಬ್ಬರಿನ ಬಗ್ಗೆ ಬಯಲುಕೆರೆ ಅವರು ಮೇಲೆ ಬರೆದಿದ್ದಾರೆ.